ಯಳಂದೂರಿಗೆ ಹೋದ ಅಕ್ಷರಗಳು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಅಲ್ಲಿಗೆ ಮೂರು ಕಂಪ್ಯೂಟರು ಬಂದು, ಮೂರನ್ನೂ ಸೇರಿಸಿ ಒಂದು ಕೇಬಲ್ ಎಳೆದ ಮೇಲೆ ನನ್ನ ನಡಿಗೆಯೇ ಬದಲಾಯಿತು ಅಂತ ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಅದೇನು ಸುಳ್ಳಲ್ಲ. ಎರಡು ಸಾವಿರದ ಇಸವಿಯ ಆಚೀಚೆ ನಮ್ಮೂರಲ್ಲಿ ಕಂಪ್ಯೂಟರ್ ಇಟ್ಟವರು ಬೇರೆಯವರೂ ಇದ್ದರು. ಆದರೆ ನೆಟ್‌ವರ್ಕ್ ಎಂಬ ಮಾತನ್ನು ಅಷ್ಟು ಸಲ ಬಾಯಲ್ಲಿ ಹೊರಳಿಸುತ್ತಿದ್ದವನು ನಾನೊಬ್ಬನೇ. ಲಗ್ನಪತ್ರಿಕೆ ಮಾಡಿಸಲು ಮಧುವನಹಳ್ಳಿಯಿಂದ ಬಂದ ರೈತರಿಗೆ ಕಾರ್ಡಿನ ಸ್ಯಾಂಪಲ್ ತೋರಿಸುವ ಮೊದಲು ಗೋಡೆಗುಂಟ ಹೋಗಿದ್ದ ಆ ಕರಿ ಕೇಬಲ್ ತೋರಿಸುತ್ತಿದ್ದೆ. ಅವರು ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಇದು ಕರೆಂಟ್ ಹೊಡೆಯುವುದಿಲ್ಲವಾ ಎಂದು ಕೇಳಿ, ಕೊಂಚ ದೂರ ಸರಿದು ನಿಲ್ಲುತ್ತಿದ್ದರು. ಅವರ ಭಯವನ್ನು ಗೌರವ ಅಂದುಕೊಂಡು ನಾನು ಹಿಗ್ಗುತ್ತಿದ್ದೆ.

ಮೂರರಲ್ಲಿ ನನ್ನ ಪಾಲಿನದಕ್ಕೆ ಸರ್ವರ್ ಎಂದು ಹೆಸರು. ಹೆಸರಿಟ್ಟವನು ನಾನೇ. ನಿಜ ಹೇಳಬೇಕೆಂದರೆ ಅದು ಉಳಿದೆರಡಕ್ಕಿಂತ ಯಾವುದರಲ್ಲೂ ಹೆಚ್ಚಿನದಲ್ಲ. ಒಂದೇ ಆಟೋದಲ್ಲಿ ಒಟ್ಟಿಗೆ ಬಂದ ಸರಕು. ಸರ್ವರ್ ಎಂದ ಮೇಲೆ ಎತ್ತರದಲ್ಲಿ ಕೂರಬೇಕಲ್ಲ ಅಂತ, ಮೂಲೆಯಲ್ಲಿ ಬಿದ್ದಿದ್ದ ಒಂದು ಭಾರದ ಮರದ ಪೆಟ್ಟಿಗೆಯನ್ನು ಎಳೆದು ತಂದು ಅದರ ಮೇಲೆ ಕೂರಿಸಿದ್ದೆ. ಆಯುಧಪೂಜೆಯ ದಿನ ಮೂರಕ್ಕೂ ಕುಂಕುಮ ಇಟ್ಟರೂ ಸೇವಂತಿಗೆ ಹಾರ ಸರ್ವರಿಗೆ ಮಾತ್ರ. ನನ್ನ ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಟೈಪ್ ಮಾಡಲು ಹನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಇಬ್ಬರು ಮಕ್ಕಳ ತಾಯಿ ಒಬ್ಬರಿದ್ದರು. ಪಾಪ, ಅವರು ಫ್ಯಾನಿನ ಸ್ವಿಚ್ ಹಾಕಲು ಆ ಕಡೆ ಬಂದರೂ ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

ಆ ಸರ್ವರಿನ ಹೊಟ್ಟೆಯಲ್ಲಿದ್ದ ಆಸ್ತಿ ಏನಪ್ಪಾ ಎಂದರೆ ಅಕ್ಷರಗಳು. ಫಾಂಟು ಅಂತಾರೆ. ಆ ಕಾಲದಲ್ಲಿ ಕನ್ನಡ ಕಂಪ್ಯೂಟರಿಗೆ ತಾನಾಗಿ ಬರುತ್ತಿರಲಿಲ್ಲ. ಕಂಪನಿಯವರು ಮಾಡಿದ ಅಕ್ಷರಗಳನ್ನು ಕೊಂಡು ತುಂಬಿಸಬೇಕಿತ್ತು. ಮೈಸೂರಿನ ಅಂಗಡಿಯವರು ಕೇಬಲ್ ಎಳೆದು ಮುಗಿಸಿದ ದಿನ ಕೇಳಿದರು: ಅಕ್ಷರಗಳನ್ನು ಮೂರರಲ್ಲೂ ಹಾಕಲಾ, ಇಲ್ಲಾ ಒಂದರಲ್ಲಿಟ್ಟು ಉಳಿದೆರಡು ಅಲ್ಲಿಂದಲೇ ತೆಗೆದುಕೊಳ್ಳುವಂತೆ ಮಾಡಲಾ ಎಂದು. ಪರದೆಯಲ್ಲಿ ಒಂದು ಸಣ್ಣ ಚೌಕ ಇತ್ತು. ಅದರ ಟಿಕ್ ತೆಗೆದರೆ ಅಕ್ಷರಗಳು ಒಂದೇ ಕಡೆ ಇರುತ್ತವೆ, ಮೂರೂ ಅಲ್ಲಿಂದ ಎತ್ತಿಕೊಂಡು ಪ್ರಿಂಟ್ ಹಾಕುತ್ತವೆ. ಮೂರರಲ್ಲೂ ಇದ್ದರೆ ಕ್ಷೇಮ ಎಂದೂ ಅವರೇ ಹೇಳಿದರು. ನಾನು ಕೇಳಬೇಕಲ್ಲ! ಒಂದು ಕೇಸಿನ ಮುಂದೆ ಮೂವರು ಕಂಪೋಸಿಟರು ನಿಂತು ಮೊಳೆ ಹೆಕ್ಕುತ್ತಿದ್ದ ನಮ್ಮ ಹಳೇ ಪ್ರೆಸ್ಸೇ ಕಣ್ಣ ಮುಂದೆ ಬಂದು, ಟಿಕ್ ತೆಗೀರಿ ಎಂದು ಅಪ್ಪಣೆ ಕೊಟ್ಟೆ. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು: ಈ ಅಕ್ಷರಗಳನ್ನು ಬೇರೆಯವರಿಗೆ ಕಾಪಿ ಮಾಡಿ ಕೊಡಬಾರದು, ಅದು ಕಾನೂನಿಗೆ ವಿರುದ್ಧ. ನಾನು ಕಟಕಟೆಯಲ್ಲಿ ನಿಂತವನ ಹಾಗೆ ತಲೆಯಾಡಿಸಿದೆ.

ಈ ಕೇಸು, ಮೊಳೆ ಎಲ್ಲ ಏನೆಂದು ಸ್ವಲ್ಪ ಹೇಳಬೇಕು. ನಾನು ಈ ಕಸುಬಿಗೆ ಬಂದದ್ದು ಸೀಸದ ಅಕ್ಷರಗಳ ಕಾಲದಲ್ಲಿ. ಒಂದು ಅಕ್ಷರಕ್ಕೆ ಒಂದು ಸೀಸದ ತುಂಡು. ಅದಕ್ಕೆ ಮೊಳೆ ಅನ್ನುತ್ತಿದ್ದೆವು. ಗೂಡುಗೂಡಾದ ಮರದ ಕೇಸಿನಿಂದ ಒಂದೊಂದನ್ನೇ ಹೆಕ್ಕಿ ಜೋಡಿಸಿ, ದಾರ ಸುತ್ತಿ ಬಿಗಿದು, ಇಂಕು ಬಳಿದು, ಕಾಲಲ್ಲಿ ತುಳಿಯುವ ಟ್ರೆಡಲ್ ಮಿಷನ್ನಿನಲ್ಲಿ ಅಚ್ಚು ಹಾಕುವುದು. ಈ ಕೆಲಸವನ್ನು ಮೈಸೂರಿನ ಒಂದು ಪ್ರೆಸ್ಸಿನಲ್ಲಿ ನನ್ನ ಜೊತೆಯಲ್ಲೇ, ಒಂದೇ ಕೇಸಿನ ಮುಂದೆ ನಿಂತು ಕಲಿತವನು ನನ್ನ ಗೆಳೆಯ. ಎಂಬತ್ತರ ದಶಕದಲ್ಲಿ ಅವನು ಯಳಂದೂರಿನಲ್ಲಿ ಪ್ರೆಸ್ಸಿಟ್ಟ, ನಾನು ಕೊಳ್ಳೇಗಾಲದಲ್ಲಿ. ಹನೂರಿನಲ್ಲಿ ನಮಗಿಂತ ಹಿರಿಯರೊಬ್ಬರದಿತ್ತು.

ಮದುವೆ ಕಾಲ ಬಂತೆಂದರೆ ಮೂವರಿಗೂ ಒಂದೇ ಗೋಳು: ‘ಶ್ರೀ’ ಸಾಲದು. ಪ್ರತಿ ಲಗ್ನಪತ್ರಿಕೆಯಲ್ಲೂ ತಲೆಯ ಮೇಲೆ ದೇವರಿಗೊಂದು ಶ್ರೀ, ಬೀಗರಿಗೊಂದು, ಅವರಪ್ಪನಿಗೊಂದು. ಆಗ ಎರವಲು ತರುತ್ತಿದ್ದೆವು. ಅವನ ಶ್ರೀಗಳು ಕಾಗದದ ಪೊಟ್ಟಣದಲ್ಲಿ ಬಸ್ ಹತ್ತಿ ಕೊಳ್ಳೇಗಾಲಕ್ಕೆ ಬರುತ್ತಿದ್ದವು, ನನ್ನ ‘ಚಿ|| ಸೌ||’ಗಳು ಹನೂರಿಗೆ ಹೋಗುತ್ತಿದ್ದವು. ಕೊಟ್ಟವನ ಗೂಡು ಖಾಲಿ. ಅಷ್ಟರಲ್ಲಿ ಗಿರಾಕಿ ಬಂದರೆ, ಅಕ್ಷರ ಯಳಂದೂರಿಗೆ ಹೋಗಿದೆ, ಸೋಮವಾರ ಬನ್ನಿ ಅನ್ನುತ್ತಿದ್ದೆವು. ಯಾರೂ ಬೇಸರಪಡುತ್ತಿರಲಿಲ್ಲ. ನೇಗಿಲನ್ನೋ ಏಣಿಯನ್ನೋ ಪಕ್ಕದ ಮನೆಗೆ ಕೊಟ್ಟು ಕೂತು ಗೊತ್ತಿದ್ದ ಜನ. ಎಲ್ಲಿಗೋ ಹೋದ ಅಕ್ಷರ ವಾಪಸ್ ಬರುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆಮೇಲೆ ಆ ಕಾಲ ಹೋಯಿತು. ಹನೂರಿನವರು ವಯಸ್ಸಾಯಿತೆಂದು ಬಾಗಿಲು ಹಾಕಿದರು. ಕಂಪ್ಯೂಟರ್ ಬಂದ ವರ್ಷ ನಾನು ನನ್ನ ಮೊಳೆಗಳನ್ನೆಲ್ಲ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಟ್ರೆಡಲ್ ಒಂದನ್ನು ಬಿಲ್ ಬುಕ್ಕಿಗೆ ನಂಬರ್ ಹೊಡೆಯಲು ಇಟ್ಟುಕೊಂಡೆ. ಯಳಂದೂರಿನ ಗೆಳೆಯ ಇನ್ನೂ ಸ್ವಲ್ಪ ಕಾಲ ತಡೆದು, ಕೊನೆಗೆ ಅವನೂ ಮಾರಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದನ್ನು ತಂದ. ಅದರಲ್ಲಿದ್ದದ್ದು ಒಂದೇ ಬಗೆಯ ಬೋಳು ಅಕ್ಷರ.

ಅವನ ಮಗಳಿಗೆ ಹೂಗ್ಯಂ ಕಡೆಯ ಹುಡುಗನೊಂದಿಗೆ ಮದುವೆ ಗೊತ್ತಾದದ್ದು ಆ ವರ್ಷವೇ. ಅವನು ನನ್ನ ಪ್ರೆಸ್ಸಿಗೆ ಬಂದು, ನಾನು ಯಾರಿಗೋ ಮಾಡಿಟ್ಟಿದ್ದ ಕಾರ್ಡೊಂದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ. ತಲೆಕಟ್ಟೆಲ್ಲ ಬಳ್ಳಿಯ ಕುಡಿ ಹಾಗೆ ಸುರುಳಿ ಸುತ್ತಿದ ಅಕ್ಷರ ಅದು. ನಮ್ಮಲ್ಲಿದ್ದ ಮದುವೆ ಫಾಂಟು.

“ಇದು ನನ್ ಆ ಹಳೇ ಮೊಳೆ ತರಾನೇ ಅದ ಕಣ್ಲಾ,” ಎಂದ. “ಊರೋರ್ ಮಕ್ಳ ಲಗ್ನಪತ್ರ ಎಲ್ಲಾ ನಾನೇ ಪ್ರಿಂಟ್ ಮಾಡಿವ್ನಿ. ನನ್ ಮಗಳ್ದ ಬ್ಯಾರೆಯೋರ್ ಕೈಲಿ ಮಾಡ್ಸಾಕಾದದಾ? ನನ್ ಕಂಪ್ಯೂಟ್ರಲ್ಲಿರಾ ಅಕ್ಷರದಲ್ಲಿ ಮಾಡುದ್ರೆ ತಾಲ್ಲೂಕಾಫೀಸ್ ನೋಟೀಸ್ ಇದ್ದಂಗ್ ಇರ್ತದ. ಈ ಅಕ್ಷರ ಎರಡ್ ದಿನಕ್ಕೆ ಕ್ವಡು.”

ಎರಡೇ ದಿನ ಏಕೆಂದರೆ ಸೋಮವಾರ ಎರಡೂ ಕಡೆಯವರು ಕೂಡಿ ಮಾದಪ್ಪನ ಬೆಟ್ಟಕ್ಕೆ ಹೋಗುವವರಿದ್ದರು. ಎರಡು ಮನೆಗೂ ಮಾದಪ್ಪನೇ ಮನೆದೇವರು. ಮೊದಲ ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿ ಅವನ ಮುಂದಿಟ್ಟ ಮೇಲೆಯೇ ನೆಂಟರಿಗೆ ಹಂಚುವುದು. ಅದಕ್ಕೆ ಮುಂಚೆ ಒಂದು ಕಾರ್ಡೂ ಹೊಸ್ತಿಲು ದಾಟುವಂತಿಲ್ಲ. ಹುಡುಗನ ಸೋದರಮಾವ ಸಣ್ಣಪುಟ್ಟದ್ದಕ್ಕೂ ಮುನಿಸಿಕೊಳ್ಳುವ ಆಸಾಮಿಯಂತೆ. ಹೆಣ್ಣಿನ ಅಪ್ಪನೇ ಪ್ರೆಸ್ಸಿನವನು, ಒಂದು ಕಾರ್ಡು ಹೊತ್ತಿಗೆ ಸರಿಯಾಗಿ ತರಲಿಲ್ಲ ಎಂದು ಆತ ಬೆಟ್ಟದ ಮೇಲೆ ಮಾತೆತ್ತಿದರೆ ಮಗಳು ಜೀವಮಾನವಿಡೀ ಕೇಳಬೇಕು. ನನ್ನ ಗೆಳೆಯನಿಗೆ ಅದರದೇ ದಿಗಿಲು. ನಾನು ಎದೆಯುಬ್ಬಿಸಿ, ಅದೇನು ದೊಡ್ಡದು, ಶನಿವಾರ ಬೆಳಗ್ಗೆ ಬಸ್ಸಿಗೆ ಹಾಕುತ್ತೀನಿ, ಸುಮ್ಮನೆ ಹೋಗು ಎಂದೆ.

ಶನಿವಾರ ಪ್ರೆಸ್ಸಿಗೆ ನಾನೇ ಮೊದಲು ಬಂದೆ. ಉಳಿದೆರಡು ಕಂಪ್ಯೂಟರು ಇನ್ನೂ ಆರಿಯೇ ಇದ್ದವು. ಸರ್ವರ್ ಹಾಕಿ, ಫ್ಲಾಪಿ ತೂರಿಸಿ, ಮದುವೆ ಅಕ್ಷರಗಳಿದ್ದ ಫೋಲ್ಡರ್ ತೆರೆದು ಕೂತೆ. ಆಗ ನನ್ನ ಧರ್ಮಬುದ್ಧಿ ಜಾಗೃತವಾಯಿತು. ಕಾಪಿ ಮಾಡಿದರೆ ಕಾನೂನಿಗೆ ತಪ್ಪು. ಕೊಡದಿದ್ದರೆ ಗೆಳೆತನಕ್ಕೆ ತಪ್ಪು. ಎರಡೂ ಆಗಬಾರದೆಂದರೆ ಏನು ಮಾಡಬೇಕು? ಪರದೆಯ ಮೇಲೆ ಕಾಪಿ ಎಂಬುದರ ನೆತ್ತಿಯ ಮೇಲೇ ಬರೆದಿತ್ತು: ಕಟ್. ಅಲ್ಲಿಂದ ಎತ್ತಿ ಇಲ್ಲಿಗೆ ಹಾಕುವುದು. ನನ್ನ ಗೂಡು ಖಾಲಿ, ಅವನ ಗೂಡು ಭರ್ತಿ. ನಾವು ಇಪ್ಪತ್ತು ವರ್ಷ ಮಾಡಿಕೊಂಡು ಬಂದದ್ದೂ ಇದನ್ನೇ ಅಲ್ಲವಾ? ಕಂಪ್ಯೂಟರ್ ಕಂಡುಹಿಡಿದವನೂ ಒಂದಾನೊಂದು ಕಾಲದಲ್ಲಿ ಕಂಪೋಸಿಟರ್ ಆಗಿದ್ದಿರಬೇಕು ಎಂದು ಅವನ ಮೇಲೆ ಪ್ರೀತಿ ಬಂತು.

ಕಟ್ ಒತ್ತಿದೆ. ಪರದೆಯಲ್ಲಿ ಸಣ್ಣ ಸಣ್ಣ ಹಾಳೆಗಳು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹಾರಿದವು. ಮುಗಿದ ಮೇಲೆ ಫೋಲ್ಡರ್ ಖಾಲಿಯಾಗಿದೆಯೇ ಎಂದು ತೆರೆದು ನೋಡಿ ಖಾತ್ರಿ ಮಾಡಿಕೊಂಡೆ. ನೋಡಿ ನನ್ನ ಪ್ರಾಮಾಣಿಕತೆ! ಫ್ಲಾಪಿಯ ಮೇಲೆ ‘ಮದುವೆ ಅಕ್ಷರ, ವಾಪಸ್ ಕೊಡುವುದು’ ಎಂದು ಬರೆದು ಬಸ್ ಸ್ಟ್ಯಾಂಡಿಗೆ ಒಯ್ದೆ.

ಯಳಂದೂರು ಬಸ್ಸಿನ ಕಂಡಕ್ಟರ್ ನಮ್ಮ ಪೊಟ್ಟಣಗಳನ್ನು ವರ್ಷಗಟ್ಟಲೆ ಸಾಗಿಸಿದವರು. ಜೋಪಾನ, ಇದರಲ್ಲಿ ಒಂದು ಮದುವೆಯೇ ಇದೆ ಎಂದು ಅವರ ಕೈಗಿಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಇಡೀ ಬಸ್ಸಿನಲ್ಲಿ ಅತ್ಯಂತ ಭದ್ರವಾದ ಜಾಗ ಎಂದು ತಾವು ನಂಬಿದ್ದ ಕಡೆ ಇಟ್ಟರು. ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ. ಜಾರದಿರಲಿ ಎಂದು ಮೇಲೆ ಟವೆಲ್ಲನ್ನೂ ಹೊದಿಸಿದರು. ನಾನು ಕಣ್ಣಾರೆ ನೋಡಿದೆ. ನೋಡಿ, ಸಮಾಧಾನವಾಗಿ, ಟಾಟಾ ಮಾಡಿ ಬಂದೆ.

ಪ್ರೆಸ್ಸಿಗೆ ವಾಪಸ್ ಬರುವ ಹೊತ್ತಿಗೆ ಟೈಪಿಂಗಿನವರು ಬಂದು ಕಂಪ್ಯೂಟರ್ ಹಾಕಿದ್ದರು. ಹಿಂದಿನ ದಿನವೇ ಟೈಪ್ ಮಾಡಿಟ್ಟಿದ್ದ ಲಗ್ನಪತ್ರಿಕೆಗಳು ಪ್ರಿಂಟಿಗೆ ಹೋಗಬೇಕಿತ್ತು. ಅವರು ಮುಖ ಸಣ್ಣದು ಮಾಡಿಕೊಂಡು, “ಸಾ, ಅಕ್ಷರಕ್ಕೆಲ್ಲಾ ಕೊಂಬು ಬಂದವೆ,” ಎಂದರು. ಹೋಗಿ ನೋಡಿದರೆ ಹೌದು. ವಧೂವರರ ಹೆಸರಿದ್ದ ಕಡೆ ಯಾವುದೋ ದೇಶದ ಇಂಗ್ಲಿಷು. ತಲೆಯ ಮೇಲೆ ಚುಕ್ಕಿ, ಹೊಟ್ಟೆಯಲ್ಲಿ ಗೀಟು. ಎರಡನೇ ಕಂಪ್ಯೂಟರಿನಲ್ಲೂ ಅದೇ. ಹೊರಗೆ ಬೆಂಚಿನ ಮೇಲೆ ಗಿರಾಕಿಗಳು ಕಾಯುತ್ತಿದ್ದರು. ನಾನು ಒಂದು ಗಳಿಗೆಯೂ ತಡಮಾಡದೆ, ವೈರಸ್ ಎಂದು ಘೋಷಿಸಿದೆ.

ಆಮೇಲೆ ಮೇಜಿನ ಕೆಳಗೆ ನುಸುಳಿ ಕೇಬಲ್ ಕಿತ್ತು ಮತ್ತೆ ಹಾಕಿದೆ. ಧೂಳು ಕುಡಿದು ಸೀನಿದೆ. ಗಿರಾಕಿಗಳಿಗೆ ವೈರಸ್ ಹೇಗೆ ಗಾಳಿಯಲ್ಲಿ ಬರುತ್ತದೆ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಟೈಪಿಂಗಿನವರು ಮೆಲ್ಲಗೆ, ಮದುವೆ ಫಾಂಟೇ ಕಾಣುತ್ತಿಲ್ಲವಲ್ಲ ಎಂದರು. ಅದು ಯಳಂದೂರಿಗೆ ಹೋಗಿದೆ, ಸೋಮವಾರ ಬರುತ್ತದೆ, ಆದರೆ ನಿನ್ನೆಯೇ ಕಂಪೋಸ್ ಆಗಿ ಕೂತಿರುವುದಕ್ಕೆ ಏನು ರೋಗ ಎಂದು ನಾನು ರೇಗಿದೆ. ಸೀಸದ ಕಾಲದಲ್ಲಿ ಹಾಗೇ ಇತ್ತು ನೋಡಿ: ಒಮ್ಮೆ ಜೋಡಿಸಿ ದಾರ ಸುತ್ತಿಟ್ಟ ಮೇಲೆ ಕೇಸಿನಲ್ಲಿ ಉಳಿದ ಮೊಳೆ ಯಾವೂರಿಗೆ ಹೋದರೂ ಜೋಡಿಸಿದ್ದು ಅಲುಗುತ್ತಿರಲಿಲ್ಲ. ಟೈಪಿಂಗಿನವರು ನನ್ನ ಮುಖ ನೋಡಿದರು. ತಮ್ಮ ಮಕ್ಕಳನ್ನೂ ಅವರು ಹಾಗೇ ನೋಡುತ್ತಿದ್ದರೋ ಏನೋ.

ಅಷ್ಟರಲ್ಲಿ ಯಳಂದೂರಿನಿಂದ ಫೋನು. ಫ್ಲಾಪಿ ಮಿಷನ್ನಿಗೇ ಇಳಿಯುತ್ತಿಲ್ಲ, ಹಪ್ಪಳದ ಹಾಗೆ ಸೊಟ್ಟಗಾಗಿದೆ, ಇನ್ನೊಂದು ಹಾಕಿ ಕಳಿಸು ಎಂದ ಗೆಳೆಯ. ಫೋನ್ ಇಟ್ಟು ಸರ್ವರಿನ ಮುಂದೆ ಕೂತೆ. ಎಲ್ಲಿಂದ ಹಾಕಲಿ? ಸರ್ವರಿನ ಫೋಲ್ಡರ್ ಖಾಲಿ. ನಾನೇ ತೆರೆದು ಖಾತ್ರಿ ಮಾಡಿಕೊಂಡಿದ್ದೆನಲ್ಲ. ಕಸದ ಬುಟ್ಟಿಯ ಚಿತ್ರ ಒತ್ತಿ ನೋಡಿದೆ, ಅದೂ ಖಾಲಿ. ಕಂಪನಿಯ ಮೂಲ ಫ್ಲಾಪಿಗಳನ್ನು ಬೀರುವಿನಿಂದ ತೆಗೆದರೆ ಫಂಗಸ್ ಹಿಡಿದು ಬೆಳ್ಳಗಾಗಿದ್ದವು. ಮೈಸೂರಿನ ಅಂಗಡಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಪಕ್ಕದ ಅಂಗಡಿಯವರನ್ನು ಹಿಡಿದು ಕೇಳಿದ್ದಕ್ಕೆ, ಅವರು ಯಾರದೋ ಮದುವೆಗೆ ಹೋಗಿದ್ದಾರೆ, ಮಂಗಳವಾರ ಬರುತ್ತಾರೆ ಎಂದರು. ಊರಲ್ಲಿ ಕಂಪ್ಯೂಟರ್ ಇದ್ದ ಇನ್ನಿಬ್ಬರ ಬಾಗಿಲಿಗೂ, ಮೀಸೆ ಮಣ್ಣಾದರೂ ಆಗಲಿ ಎಂದು ಹೋದೆ. ಅವರ ಅಕ್ಷರಗಳು ಬೇರೆ ಕಂಪನಿಯವು, ಬಳ್ಳಿ ಅಕ್ಷರ ಯಾರಲ್ಲೂ ಇರಲಿಲ್ಲ. ನೆಟ್‌ವರ್ಕ್ ಹೇಗಿದೆ ಎಂದು ಒಬ್ಬರು ವಿಚಾರಿಸಿದರು.

ಮಧ್ಯಾಹ್ನದ ಬಸ್ಸಿಗೆ ಗೆಳೆಯನೇ ಬಂದಿಳಿದ. ಒಂದು ಕೈಯಲ್ಲಿ ಸೊಟ್ಟ ಫ್ಲಾಪಿ, ಇನ್ನೊಂದರಲ್ಲಿ ಮಗಳಿಗೆಂದು ಮೈಸೂರಿನಿಂದ ಆರಿಸಿ ತಂದಿದ್ದ ಖಾಲಿ ಕಾರ್ಡುಗಳ ಕಟ್ಟು. ಇಲ್ಲೇ ಪ್ರಿಂಟ್ ಹಾಕೋಣ ಎಂದುಕೊಂಡು ಬಂದಿದ್ದ. ನಾನು ವೈರಸ್ಸಿನಿಂದ ಶುರುಮಾಡಿ, ಬಾನೆಟ್ಟಿಗೆ ಬಂದು, ಫಂಗಸ್ಸಿಗೆ ಹೋಗಿ, ಕೊನೆಗೆ ಕಟ್ ಒತ್ತಿದ್ದನ್ನು ಹೇಳಿದೆ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಕಾರ್ಡಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಮೇಲಿನ ಕೇಬಲ್ಲನ್ನೇ ನೋಡುತ್ತಾ ಕೂತ.

“ಸೋಮವಾರ ಎಲ್ರೂ ಬಂದ್ಬುಡ್ತಾರೆ ಕಣ್ಲಾ,” ಎಂದ ಕೊನೆಗೆ. “ಮಾದಪ್ಪನ್ ಮುಂದ್ಕೆ ಏನ್ ಇಡ್ಲಿ?”

ನನಗೆ ಅಳು ಬಂತು. ನಲವತ್ತು ದಾಟಿದ ಗಂಡಸು, ಗಿರಾಕಿಗಳ ಎದುರು ಅಳಬಾರದೆಂದು ಮೂಗು ಒರೆಸಿಕೊಂಡೆ. ಅವನು ತಲೆ ಎತ್ತದೆ, ಮೊಳೆ ಎಲ್ಲಾನೂ ಮಾರಿಬಿಟ್ಟೆಯಾ, ಒಂದೂ ಉಳಿದಿಲ್ಲವಾ ಎಂದು ಕೇಳಿದ. ಎಲ್ಲವನ್ನೂ ಮಾರಿದೆ, ನಿನ್ನದೊಂದು ಬಿಟ್ಟು ಎಂದೆ. ಹೇಳಿದ ಮೇಲೆ ನನಗೇ ಕೇಳಿಸಿತು ನಾನು ಏನು ಹೇಳಿದೆ ಎಂದು.

ಬಹಳ ಹಿಂದೆ ಒಂದು ಮದುವೆ ಕಾಲದಲ್ಲಿ ಅವನು ಒಂದ್ಹಿಡಿ ಶ್ರೀ ಅಲ್ಲ, ತನ್ನ ಮದುವೆ ಅಕ್ಷರದ ಇಡೀ ಸೆಟ್ಟನ್ನೇ ನನಗೆ ಕೊಟ್ಟಿದ್ದ. ವಾಪಸ್ ಕೊಡಲು ಹೋದಾಗ, ಕೊಳ್ಳೇಗಾಲದಲ್ಲೇ ಮದುವೆ ಜಾಸ್ತಿ, ನಿನ್ನಲ್ಲೇ ಇರಲಿ, ಬೇಕಾದಾಗ ಇಸಿದುಕೊಳ್ಳುತ್ತೀನಿ ಎಂದಿದ್ದ. ಗುಜರಿಯವನು ನನ್ನ ಮೊಳೆಗಳನ್ನು ತೂಗಿ, ಆ ಪೆಟ್ಟಿಗೆಗೂ ಕೈ ಹಾಕಿದಾಗ, ಅದು ನನ್ನದಲ್ಲ ಕಣಪ್ಪ, ಬಿಡು ಎಂದಿದ್ದೆ. ಎರವಲು ತಂದ ಮೊಳೆಯನ್ನು ಯಾರಾದರೂ ಮಾರುತ್ತಾರಾ? ಆಮೇಲೆ ಮರೆತೂ ಬಿಟ್ಟೆ. ಈಗ ಇಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು. ನನ್ನ ಸರ್ವರ್ ಕೂತಿದ್ದದ್ದೇ ಅದರ ಮೇಲೆ.

ಸರ್ವರನ್ನು ಇಳಿಸಿ ನೆಲದ ಮೇಲಿಟ್ಟೆ. ಆವತ್ತು ಅದಕ್ಕೆ ಯಾವ ಮರ್ಯಾದೆಯೂ ಸಿಗಲಿಲ್ಲ. ಪೆಟ್ಟಿಗೆ ತೆರೆದರೆ ಮೊಳೆಗಳ ಮೇಲೆ ಒಣಗಿದ ಇಂಕು, ಜೇಡರ ಬಲೆ, ಎರಡು ಸತ್ತ ಜಿರಲೆ. ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೇ ಉಜ್ಜಿದೆವು. ಬಳ್ಳಿಯ ಕುಡಿಗಳು ಒಂದೊಂದಾಗಿ ಹೊರಗೆ ಬಂದವು. ಟೈಪಿಂಗಿನವರೂ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತರು. ಬೆಂಚಿನ ಮೇಲಿದ್ದ ಗಿರಾಕಿಗಳಿಗೆ, ಅಕ್ಷರ ಯಳಂದೂರಿಗೆ ಹೋಗಿದೆ, ಮಂಗಳವಾರದ ಮೇಲೆ ಬನ್ನಿ ಎಂದೆ. ಅವರು, ಅದನ್ನು ಮೊದಲೇ ಹೇಳಬಾರದಾ ಎಂದು ಎದ್ದು ಹೋದರು.

ಭಾನುವಾರ ಬೆಳಗ್ಗೆ ಮೊಳೆಗಳನ್ನು ಖಾಲಿ ಬಿದ್ದಿದ್ದ ಹಳೇ ಕೇಸಿನ ಗೂಡುಗಳಿಗೆ ಹಂಚಿ, ಅವನು ಅದರ ಮುಂದೆ ನಿಂತ. ನಾನೂ ಮೊಳೆ ಜೋಡಿಸುವ ಸ್ಟಿಕ್ಕು ಹಿಡಿದು ಒಂದು ಸಾಲು ಜೋಡಿಸಲು ಹೋಗಿ, ಕನ್ನಡಕ ಸರಿಮಾಡಿಕೊಂಡು, ‘ಮ’ದ ಗೂಡಿನಲ್ಲಿ ಕೈಯಾಡಿಸಿ ‘ಯ’ ಎತ್ತಿದೆ. ಮೌಸು ಹಿಡಿದು ಹಿಡಿದು ಬೆರಳು ಜಡ್ಡಾಗಿದ್ದವು. ಅವನು ನನ್ನ ಕೈಯಿಂದ ಸ್ಟಿಕ್ಕು ಇಸಿದುಕೊಂಡು, ನೀನು ಟ್ರೆಡಲ್ ನೋಡಿಕೋ ಎಂದ. ನಾನು ಗಾಲಿಗಳಿಗೆ ಎಣ್ಣೆ ಬಿಡುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಮಗಳ ಹೆಸರು ಜೋಡಿಸುವಾಗ ಮಾತ್ರ ಅವನು ಒಂದೊಂದು ಮೊಳೆಯನ್ನೂ ಅಂಗಿಗೆ ಒರೆಸಿ ಇಡುತ್ತಿದ್ದ.

ಅರ್ಧ ಆಗುವಷ್ಟರಲ್ಲಿ ಅಕ್ಷರ ಮುಗಿಯಿತು. ‘ರ’ ಇಲ್ಲ, ‘ಯ’ ಇಲ್ಲ. ಶ್ರೀ ಅಂತೂ ಎಂದಿನಂತೆ ಮೊದಲೇ ಖಾಲಿ. ಕೆಳಗಿನ ಭಾಗವನ್ನು ಕಂಪ್ಯೂಟರಿನ ಬೋಳು ಅಕ್ಷರದಲ್ಲಿ ಹಾಕೋಣವಾ ಎಂದು ಕೇಳಿದೆ. ಅವನು ನೋಡಿದ ನೋಟಕ್ಕೆ ಮತ್ತೆ ಎಣ್ಣೆ ಡಬ್ಬಿಗೇ ಕೈ ಹಾಕಿದೆ. ಕೊನೆಗೆ ನಾವು ಹಿಂದೆ ಮಾಡುತ್ತಿದ್ದ ಉಪಾಯವನ್ನೇ ಹಿಡಿದೆವು. ಮೇಲರ್ಧವನ್ನು ಅಷ್ಟೂ ಕಾರ್ಡಿಗೆ ಅಚ್ಚು ಹಾಕಿ, ಬಿಚ್ಚಿ, ಅದೇ ಮೊಳೆಗಳಿಂದ ಕೆಳಗರ್ಧ ಜೋಡಿಸಿ, ಅವೇ ಕಾರ್ಡುಗಳನ್ನು ಮತ್ತೊಮ್ಮೆ ಟ್ರೆಡಲ್ಲಿಗೆ ಕೊಟ್ಟೆವು. ಸುಖಾಗಮನ ಬಯಸುವವರ ಸಾಲಿನಲ್ಲಿ ಚಿಕ್ಕಪ್ಪಂದಿರ ಹೆಸರು ಸುಮಾರು ಕಮ್ಮಿಯಾದವು. ನನ್ನ ಹೆಸರನ್ನೂ ಅವನು ಬರೆದುಕೊಂಡು ಬಂದಿದ್ದ, ಅದೂ ಹೋಯಿತು. ಇನ್ನು ಆ ದಿನ ಯಾವ ಮುಖ ಇಟ್ಟುಕೊಂಡು ಅದನ್ನು ಕೇಳಲಿ?

ದೀಪ ಹಚ್ಚುವ ಹೊತ್ತಿಗೆ ಕೊನೆಯ ಕಾರ್ಡು ಹೊರಗೆ ಬಂತು. ಕೆಳಗಿನ ಸಾಲುಗಳು ಕೂದಲೆಳೆಯಷ್ಟು ಎಡಕ್ಕೆ ವಾಲಿದ್ದವು. ನನಗೆ ಕಂಡಿತು, ಅವನಿಗೂ ಕಂಡಿರಬೇಕು. ಅವನು ಒಂದು ಕಾರ್ಡನ್ನು ತಿರುಗಿಸಿ, ಬೆನ್ನ ಮೇಲೆ ಹೆಬ್ಬೆರಳು ಆಡಿಸಿದ. ಮೊಳೆ ಒತ್ತಿದ ಕಡೆಯೆಲ್ಲ ಉಬ್ಬು ಸಿಕ್ಕುತ್ತದೆ, ಕಂಪ್ಯೂಟರಿನದರಲ್ಲಿ ಸಿಕ್ಕುವುದಿಲ್ಲ. ಹಾಗೇ ಮಗಳ ಹೆಸರಿನ ಹಿಂದೆ ಬೆರಳು ನಿಲ್ಲಿಸಿಕೊಂಡು, “ಚೆಂದಾಗದ,” ಎಂದ. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ, ಕಾಲು ನೋವೂ ಮರೆತುಹೋಯಿತು.

ಸೋಮವಾರ ಮೊದಲ ಬಸ್ಸಿಗೆ ಅವರೆಲ್ಲ ಹನೂರಿನ ಮೇಲೆ ಬೆಟ್ಟಕ್ಕೆ ಹೋದರು. ಹುಡುಗನ ಸೋದರಮಾವ ಕಾರ್ಡನ್ನು ಕೈಗೆತ್ತಿಕೊಂಡು, ಈ ಅಕ್ಷರ ಈಗ ಎಲ್ಲೂ ಸಿಕ್ಕಲ್ಲ, ಎಲ್ಲಿ ಮಾಡಿಸಿದಿರಿ ಎಂದು ಕೇಳಿದರಂತೆ. ನಾನೇ ಮಾಡಿದೆ ಎಂದನಂತೆ ಇವನು. ಅದು ಬಿಟ್ಟರೆ ಅವತ್ತು ಬೆಟ್ಟದ ಮೇಲೆ ಯಾರೂ ಮಾತೆತ್ತಲಿಲ್ಲ.

ಮಂಗಳವಾರ ಮೈಸೂರಿನವರು ಬಂದು, ಅಕ್ಷರಗಳನ್ನು ಮತ್ತೆ ತುಂಬಿಸಿ, ನಾನು ಕಟ್ ಮಾಡಿದ ಕಥೆ ಕೇಳಿ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಈ ಸಲ ಮೂರರಲ್ಲೂ ಟಿಕ್ ಹಾಕಿ ಎಂದು ನಾನೇ ಹೇಳಿದೆ. ಅವರ ಕೈಯಲ್ಲೇ ಗೆಳೆಯನ ಹೆಸರಿಗೂ ಮದುವೆ ಫಾಂಟಿನ ಒಂದು ಸೆಟ್ಟನ್ನು ದುಡ್ಡು ಕೊಟ್ಟು ಕೊಂಡು ಫ್ಲಾಪಿಗೆ ಹಾಕಿಸಿಕೊಂಡೆ. ಅವನ ಮಗಳ ಮದುವೆಗೆ ನಾನು ಮಾಡಿದ ಮುಯ್ಯಿ ಅದು.

ಮದುವೆಯ ಗದ್ದಲ ಮುಗಿದ ಮೇಲೆ ಒಂದು ದಿನ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಯಳಂದೂರಿಗೆ ಹೊರಟೆ. ಜೊತೆಗೆ ಮೊಳೆಯ ಪೆಟ್ಟಿಗೆಯನ್ನೂ ಹೊತ್ತೆ. ಅವನದಾಗಿ ಉಳಿದ ಮೊಳೆ ಎಂದರೆ ಅದೊಂದೇ, ಅವನ ಪ್ರೆಸ್ಸಿನಲ್ಲೇ ಇರಲಿ ಎಂದು ನನ್ನ ಲೆಕ್ಕ. ಅವನ ಕಂಪ್ಯೂಟರಿಗೆ ಅಕ್ಷರ ತುಂಬಿಸಿ, ಇದು ಇನ್ನು ನಿನ್ನಲ್ಲೂ ಇರುತ್ತದೆ, ನನ್ನಲ್ಲೂ ಇರುತ್ತದೆ, ವಾಪಸ್ ಕೊಡುವ ತಾಪತ್ರಯವಿಲ್ಲ ಎಂದು, ಹೊಸದಾಗಿ ಕಲಿತ ಪಾಠವನ್ನು ಬಹಳ ಜಂಬದಿಂದ ಒಪ್ಪಿಸಿದೆ.

“ಅಂಗಾರೆ ಇನ್ಮ್ಯಾಕೆ ನೀನು ನನ್ ತಾವ ಏನ್ ಕೇಳ್ಕಂಡ್ ಬಂದೀಯೆ?” ಎಂದ.

ಕಾಫಿ ಕುಡಿದು ಎದ್ದಾಗ ಅವನು ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದ.

“ಇದ ನೀನೇ ವಾಪಸ್ ತಕಂಡೋಗು.”

“ನಿಂದಲ್ವೇನ್ಲಾ?”

“ನಂದೇ ಕಣ್ಲಾ. ನನ್ ತಾವ ಇದ್ದಿದ್ರೆ ಆವತ್ತೇ ಗುಜರಿಗೆ ಓಗಿರದು. ನಿನ್ ತಾವ ಇತ್ತು, ಉಳ್ಕತ್ತು.”

ಮತ್ತೆ ಹೊತ್ತುಕೊಂಡು ಬಸ್ ಹತ್ತಿದೆ. ಅದೇ ಕಂಡಕ್ಟರು. ನನ್ನ ಏದುಸಿರು ನೋಡಿ, ಇಲ್ಲಿ ಇಡಿ ಸಾ, ಭದ್ರವಾಗಿರುತ್ತೆ ಎಂದು ಬಾನೆಟ್ ತೋರಿಸಿದರು. ಸೀಸ ಬಾನೆಟ್ಟಿನ ಕಾವಿಗೆ ಕರಗುವುದಿಲ್ಲ, ಅದು ನನಗೆ ಗೊತ್ತು. ಆದರೂ ಬೇಡ ಎಂದೆ. ಕೊಳ್ಳೇಗಾಲ ಬರುವ ತನಕ ತೊಡೆಯ ಮೇಲೇ ಇಟ್ಟುಕೊಂಡು ಕೂತೆ. ಇಳಿಯುವಾಗ ಎರಡೂ ಕಾಲು ಜೋಮು ಹಿಡಿದು, ಅವರೇ ಕೈ ಹಿಡಿದು ಇಳಿಸಬೇಕಾಯಿತು.